ನಾಲ್ಕು ಕಿಲೋ ಆಲೂಗಡ್ಡೆ

ನಮ್ಮ ಕಡ್ಡಿಗೆ ಕ್ಯಾಮೆರಾ ಆರಿಸುವುದಕ್ಕೆಂದು ನಾನು ಮೊದಲು ಕೊಂಡದ್ದು ಏಳು ಕಿಲೋ ಆಲೂಗಡ್ಡೆ.

ಕಡ್ಡಿ ಅಂದರೆ ನನ್ನ ಮಗಳು. ಇಪ್ಪತ್ತಮೂರು ವರ್ಷ, ಪ್ರೆಸ್ಸಿನಲ್ಲಿ ಕೆಲಸ, ಜೋರು ಗಾಳಿ ಬೀಸಿದರೆ ಕೈಹಿಡಿದುಕೊಳ್ಳಬೇಕು ಅನ್ನಿಸುವಂಥ ಮೈ. ಹೋದ ವರ್ಷ ಸೈಕಲ್ಲಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ಮೂಳೆಯೇನೋ ಕೂಡಿತು. ಆದರೆ ಬೆನ್ನ ಮೇಲೆ ನಾಲ್ಕು ಕಿಲೋಗಿಂತ ಹೆಚ್ಚು ಹೊರಕೂಡದು ಅಂತ ಡಾಕ್ಟರು ಹೇಳಿಬಿಟ್ಟರು. ಅವತ್ತಿನಿಂದ ಅವಳ ಚೀಲ ತುಂಬುವುದು, ಬೆನ್ನಿಗೆ ಏರಿಸುವುದು, ಇಳಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಬೇಡವೆಂದರೂ ನಾನು ಬಿಡಲಿಲ್ಲ ಅನ್ನುವುದೂ ನಿಜ.

ಊರಿನ ಹಳೆಯ ನೂಲಿನ ಗಿರಣಿಯ ಚಿಮಣಿಯನ್ನು ಸೋಮವಾರ ಕೆಡವುವವರಿದ್ದರು. ಅಷ್ಟರೊಳಗೆ ಗುಡ್ಡದ ಮೇಲಿಂದ ಅದರದೊಂದು ಚಿತ್ರ ತೆಗೆಸಿ ಗ್ರಂಥಾಲಯದ ಗೋಡೆ ತುಂಬ ಹಾಕಬೇಕು, ಹತ್ತಿರ ಹೋದರೆ ಒಂದೊಂದು ಮನೆಯ ಕಿಟಕಿಯೂ ಕಾಣಬೇಕು ಅಂತ ಅಲ್ಲಿಯವರ ಆಸೆ. ಅಂಗೈಯಗಲದ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾವನ್ನು ಕಡ್ಡಿ ಸಂಜೆ ತರಗತಿಯಲ್ಲಿ ಕಲಿತಿದ್ದಳು. ಅಂಥದ್ದೇ ಬೇಕು ಅಂತ ಅವರ ಮುಂದೆ ಅರ್ಧ ಗಂಟೆ ವಾದ ಮಾಡಿ ಕೆಲಸ ಗಿಟ್ಟಿಸಿಕೊಂಡು ಬಂದಳು. ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಒಂದೇ ಒಂದು ತೊಂದರೆ. ನನ್ನ ಹತ್ರ ಅಂಥ ಕ್ಯಾಮೆರಾ ಇಲ್ಲ" ಅಂದಳು.

ಕ್ಯಾಮೆರಾ ಸಿಕ್ಕಿತು ಅಂತ ಶನಿವಾರದೊಳಗೆ ಹೇಳದಿದ್ದರೆ ಕೆಲಸ ಡ್ರೋನ್ ಹಾರಿಸುವವನಿಗೆ. ಕಡ್ಡಿಗೆ ಅವನ ಹೆಸರೆತ್ತಿದರೆ ಊಟ ಸೇರುತ್ತಿರಲಿಲ್ಲ.

ಗುರುವಾರ ಇಬ್ಬರೂ ರಿಪೇರಿ ಅಜ್ಜನ ಅಂಗಡಿಗೆ ಹೋದೆವು. ಊರಿನ ಕೆಟ್ಟ ಕ್ಯಾಮೆರಾಗಳೆಲ್ಲ ಬಂದು ಸೇರುವುದು ಅಲ್ಲಿಗೇ. ಅಜ್ಜ ಕೌಂಟರಿನ ಮೇಲೆ ಮೊದಲು ಒಂದು ಲೋಹದ ಕ್ಯಾಮೆರಾವನ್ನು ಎತ್ತಿಟ್ಟ. ಕೌಂಟರು ಕಿರ್ ಅಂದಿತು.

"ಇದು ಎಮ್ಮೆ, ತಾಯಿ. ಅಗ್ಗ. ಬಿರುಗಾಳಿ ಬಂದ್ರೂ ಅಲ್ಲಾಡಲ್ಲ."

ಆಮೇಲೆ ಮರದ್ದೊಂದನ್ನು ತಂದ. ಮುಚ್ಚಿದರೆ ಚಪ್ಪಟೆ ಪೆಟ್ಟಿಗೆ, ಬಿಚ್ಚಿದರೆ ಮಡಿಕೆ ಮಡಿಕೆಯ ಕಪ್ಪು ತಿದಿ ಈಚೆ ಬಂದು ತುದಿಗೆ ಲೆನ್ಸು ನಿಲ್ಲುತ್ತದೆ. ಕಡ್ಡಿ ಅದನ್ನು ಎಳೆಗೂಸಿನ ಹಾಗೆ ಎತ್ತಿಕೊಂಡಳು.

"ತಿದಿಯಲ್ಲಿ ಒಂದು ತೂತಿತ್ತು, ನಾನೇ ಮುಚ್ಚಿದೀನಿ. ಅದಕ್ಕೇ ಈ ಬೆಲೆಗೆ ಸಿಗ್ತಿದೆ. ಹಗುರ, ಆದ್ರೆ ಗಾಳಿ ಅಂದ್ರೆ ಹೆದರುತ್ತೆ, ಮರಿ."

"ಅಲ್ಲಿ ಗಾಜಿನ ಬೀರುವಲ್ಲಿ ಇರೋದು?" ಅಂತ ನಾನು ಕೇಳಿದೆ.

"ಅದರ ಬೆಲೆಗೆ ನಾನೂ ಅದನ್ನ ಹೊರಗಿಂದಾನೇ ನೋಡೋದು, ತಾಯಿ."

ಸ್ಟ್ಯಾಂಡು, ಲೆನ್ಸು, ಫಿಲ್ಮ್ ಎಲ್ಲ ಸೇರಿ ಎಮ್ಮೆಯ ತೂಕ ಏಳು ಕಿಲೋ. ಮರದ್ದು ಸರಿಯಾಗಿ ನಾಲ್ಕು. ಕಡ್ಡಿಯ ಉಳಿತಾಯಕ್ಕೆ ಎಮ್ಮೆ ಸಲೀಸು, ಮರದ್ದು ಉಸಿರು ಬಿಗಿಹಿಡಿದರೆ ಆದೀತು. ಕೊಂಡಮೇಲೆ ಹೊರಲಾಗದಿದ್ದರೆ? ಅದಕ್ಕೇ ನಾನು ಆಲೂಗಡ್ಡೆಯ ಉಪಾಯ ಹೂಡಿದೆ. ಚೀಲದಲ್ಲಿ ಅಷ್ಟೇ ತೂಕ ತುಂಬಿ ನಮ್ಮ ಕಟ್ಟಡದ ನಾಲ್ಕು ಮಹಡಿಯನ್ನು ಐದು ಸಲ ಹತ್ತಿಳಿದರೆ ಗುಡ್ಡ ಹತ್ತಿದಂತೆಯೇ.

ಶುಕ್ರವಾರ ಬಟ್ಟೆ ಒಣಹಾಕಿ ಬಂದು ಚೀಲ ತುಂಬಿದೆ, ಅವಳ ಬೆನ್ನಿಗೇರಿಸಿದೆ. ಡಾಕ್ಟರು ಬೇಡವೆಂದರೂ ಎಮ್ಮೆಯ ತೂಕವನ್ನು ಒಂದು ಸಲ ನೋಡಿಯೇ ಬಿಡ್ತೀನಿ ಅಂತ ಹಟ ಹಿಡಿದವಳು ಏಳು ಕಿಲೋ ಹೊತ್ತು ಎರಡನೇ ಮಹಡಿಗೇ ಕೂತುಬಿಟ್ಟಳು. ಅದು ನಿರೀಕ್ಷಿಸಿದ್ದೇ. ಮೂರು ಕಿಲೋ ತೆಗೆದು ಮತ್ತೆ ಕಳಿಸಿದೆ. ಒಂದು ಸಲ ಹತ್ತಿಳಿದಳು. ಎರಡನೇ ಸಲ ಮೂರನೇ ಮಹಡಿಯಿಂದಲೇ ತಿರುಗಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಬೆರಳೆಲ್ಲ ಜುಮುಜುಮು ಅಂತಿದೆ, ಅಮ್ಮ."

ಚೀಲ ಇಳಿಸಿ ಹೆಗಲು ತಿಕ್ಕಿದೆ. ಅವಳು ಮೆಟ್ಟಿಲ ಮೇಲೆ ಕೂತು ಫೋನು ತೆಗೆದಳು.

"ನಾಲ್ಕು ಕಿಲೋನೂ ಆಗ್ತಿಲ್ಲ ಅಂದ್ರೆ ಮುಗೀತು. ಗ್ರಂಥಾಲಯದವರಿಗೆ ಹೇಳಿಬಿಡ್ತೀನಿ. ಹಾರಿಸ್ಕೊಳ್ಳಲಿ ಅವನು."

ಅಷ್ಟರಲ್ಲಿ ನಮ್ಮ ಯಜಮಾನರು ಆಲೂಗಡ್ಡೆಯನ್ನು ಬುಟ್ಟಿಗೆ ಸುರಿಯೋಣವೆಂದು ಚೀಲ ಎತ್ತಿದರು. ಎತ್ತಿದವರು ಹಾಗೇ ಕೆಳಗಿಟ್ಟರು.

"ಏನೇ ಇದು, ನಾಲ್ಕು ಕಿಲೋನಾ? ನಿನ್ನ ತಕ್ಕಡಿಗೆ ಜ್ವರ ಬಂದಿದೆಯಾ?"

"ಆಲೂಗಡ್ಡೆ ನಾಲ್ಕೇ ಕಿಲೋ ರೀ" ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಕಡ್ಡಿ ಫೋನಿನಿಂದ ತಲೆ ಎತ್ತಿದಳು. "ಆಲೂಗಡ್ಡೆ ನಾಲ್ಕು ಕಿಲೋ. ಮತ್ತೇನಿದೆ ಅದರಲ್ಲಿ?"

"ಏನಿಲ್ಲ ಕಣೆ. ಗುಡ್ಡಕ್ಕೆ ಹೋಗುವಾಗ ಹೇಗೂ ಬೇಕಲ್ಲ ಅಂತ..."

ಅವಳು ಚೀಲವನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಆಲೂಗಡ್ಡೆಯ ಹಿಂದೆಯೇ ನೀರಿನ ಬಾಟಲಿ ಬಂತು, ಛತ್ರಿ ಬಂತು, ಸ್ವೆಟರ್, ನೋವಿನ ಮುಲಾಮು, ಟಾರ್ಚು, ಸ್ಟೀಲಿನ ಊಟದ ಡಬ್ಬಿ.

"ಹಾಡಹಗಲಲ್ಲಿ ಟಾರ್ಚು!"

"ಹೊತ್ತಾದ್ರೆ?"

ಡಬ್ಬಿ ತೆಗೆದಳು. "ಆರು ಮೊಟ್ಟೆ! ಬೇಯಿಸಿ ಬೇರೆ ಇಟ್ಟಿದೀಯ. ನಾನೊಬ್ಬಳು ಆರು ತಿಂತೀನಾ?"

"ದಾರೀಲಿ ಯಾರಾದ್ರೂ ಸಿಕ್ಕರೆ?"

ಯಜಮಾನರು ಗೋಡೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ನಿಮಿಷ ತಡವಾಗಿದ್ದರೆ ನನ್ನ ಮಗಳ ಕೆಲಸವನ್ನು ನಾನೇ ಮೊಟ್ಟೆಯ ಜೊತೆ ಬೇಯಿಸಿಟ್ಟಂತಾಗುತ್ತಿತ್ತು. ಆದರೂ ಹೇಳುತ್ತೇನೆ, ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಆಲೂಗಡ್ಡೆಯನ್ನು ತೂಗಿದ್ದೆ. ಊಟವನ್ನೂ ತೂಗಬೇಕೆಂದು ಹೊಳೆದಿರಲೇ ಇಲ್ಲ.

"ತಪ್ಪಾಯ್ತು, ಕಂದಾ" ಅಂದೆ.

"ಆಮೇಲೆ ಜಗಳ ಆಡೋಣ. ಈಗ ಬರೀ ಆಲೂಗಡ್ಡೆ ತುಂಬು. ನನ್ನ ಕಣ್ಣೆದುರಿಗೇ ತುಂಬು."

ಸ್ವಲ್ಪ ಸುಧಾರಿಸಿಕೊಂಡು ಐದು ಸಲವೂ ಹತ್ತಿಳಿದಳು. ಕೊನೆಯ ಸಲ ಶಿಳ್ಳೆ ಹಾಕುತ್ತ ಬಂದಳು. ಶನಿವಾರ ಅಂಗಡಿ ತೆರೆಯುವ ಮೊದಲೇ ಹೋಗಿ ಮರದ ಕ್ಯಾಮೆರಾ ತಂದಳು.

ಭಾನುವಾರ ಗುಡ್ಡಕ್ಕೆ ನಾನೂ ಹೊರಟೆ. ಕಡ್ಡಿಯ ಷರತ್ತು ಒಂದೇ: "ನಿನ್ನ ಸಂಸಾರ ನೀನೇ ಹೊತ್ಕೊ." ಬಟ್ಟೆ ಚೀಲದಲ್ಲಿ ನನ್ನ ಸಂಸಾರ ತುಂಬಿಕೊಂಡು ಅವಳ ಹಿಂದೆಯೇ ಏದುಸಿರು ಬಿಡುತ್ತ ಹತ್ತಿದೆ.

ಮೇಲೆ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಬಿಚ್ಚಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ ನನ್ನನ್ನೂ ಕರೆದಳು. ಹಿಂಬದಿಯ ಮಸುಕು ಗಾಜಿನಲ್ಲಿ ಇಡೀ ಊರು ತಲೆಕೆಳಗಾಗಿ ಕಾಣುತ್ತಿತ್ತು.

"ಅಯ್ಯೋ, ಚಿಮಣಿ ಇವತ್ತೇ ಬಿತ್ತಲ್ಲೇ!"

ಅವಳು ನಗಲಿಲ್ಲ. "ಸರಿಯಾಗಿ ನೋಡು. ನಡುಗ್ತಿದೆ."

ಹೌದು. ಗಾಳಿ ಬೀಸಿದಾಗೆಲ್ಲ ಊರಿಗೆ ಊರೇ ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಹೀಗೇ ತೆಗೆದರೆ ಒಂದು ಕಿಟಕಿಯೂ ಕಿಟಕಿಯಾಗಿ ಉಳಿಯುವುದಿಲ್ಲ. ಅವಳು ಸ್ಟ್ಯಾಂಡಿನ ಕಾಲು ತಗ್ಗಿಸಿದಳು, ನಾನು ಛತ್ರಿ ಹಿಡಿದೆ, ಛತ್ರಿಯೇ ಮೊಗಚಿಕೊಂಡಿತು. ಬಿಸಿಲು ಬೇರೆ ಚಿಮಣಿಯಿಂದ ಜಾರುತ್ತಿತ್ತು.

"ಎಮ್ಮೆ ಆಗಿದ್ದಿದ್ರೆ ನಿಲ್ತಿತ್ತು" ಅಂದಳು. ಸ್ಟ್ಯಾಂಡಿನ ನಡುವಿನ ಕೊಕ್ಕೆಯನ್ನೇ ನೋಡುತ್ತ ನಿಂತಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅಮ್ಮ, ಆ ಚೀಲ ಎಷ್ಟು ಭಾರ ಇದೆ?"

"ತೂಗಿಲ್ಲ ಕಣೆ" ಅಂದೆ, ಹೆದರುತ್ತಲೇ.

"ಕೊಡು ಇಲ್ಲಿ!"

ಕೊಕ್ಕೆಗೆ ಚೀಲ ನೇತುಹಾಕಿದಳು. ಮಡಿಚಿದ ಛತ್ರಿಯನ್ನೂ ನನ್ನ ಕೈಯಿಂದ ಕಿತ್ತು ಅದರೊಳಗೆ ತುರುಕಿದಳು. ಸ್ಟ್ಯಾಂಡಿನ ಮೂರು ಕಾಲೂ ಮಣ್ಣಿನಲ್ಲಿ ಕಚ್ಚಿ ಕೂತವು. ಗಾಜಿನೊಳಗೆ ಊರು ನಿಂತಿತು. ಫಿಲ್ಮ್ ಹಾಕಿದಳು, ಗಾಳಿ ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಕಾದಳು, ಒತ್ತಿದಳು. ಟಿಕ್.

ನನಗೆ ಹಸಿವಾಗಿತ್ತು. ಮೆಲ್ಲಗೆ ಚೀಲಕ್ಕೆ ಕೈ ಹಾಕಿದೆ.

"ಅಮ್ಮಾ! ಮೊಟ್ಟೆ ಮುಟ್ಟಬೇಡ! ಇನ್ನೊಂದು ಫಿಲ್ಮ್ ಇದೆ!"

ಕೈ ತೆಗೆದೆ. ನಾನು ಮಾಡಿಕೊಂಡು ಹೋದ ಊಟವನ್ನು ಯಾರೂ ಮುಟ್ಟದೆ ನನಗೆ ಅಷ್ಟು ಸಂತೋಷವಾದದ್ದು ಅದೊಂದೇ ಸಲ.