ಬೇಲಿಯ ಮಿಡಿತ

ಲ್ಯಾಪ್‌ಟಾಪಿನ ಮೇಲೆ ಮೂಡಿದ್ದ ಎದೆಬಡಿತದ ಗೆರೆಯನ್ನು ಹೇಮಶ್ರೀ ಮತ್ತೊಮ್ಮೆ ಹಿಂದಕ್ಕೆಳೆದು ನೋಡಿದಳು. ಎದುರಿಗೆ ಜಗುಲಿಯ ಮೇಲೆ ಏಕಾಂತಯ್ಯ ಅಂಗಿಯ ಗುಂಡಿ ಬಿಚ್ಚಿಕೊಂಡು, ಎಡಭುಜದ ಕೆಳಗೆ ಅವಳು ಇರಿಸಿದ್ದ, ಲ್ಯಾಪ್‌ಟಾಪಿಗೆ ಜೋಡಿಸಿದ ಬಿಲ್ಲೆಯನ್ನು ತಾವೇ ಒತ್ತಿ ಹಿಡಿದು ಅಲುಗದೆ ಕೂತಿದ್ದರು. ಚರ್ಮದಡಿಯ ಪೇಸ್‌ಮೇಕರ್ ಹತ್ತು ತಿಂಗಳಿಂದ ನೆನಪಿನಲ್ಲಿಟ್ಟುಕೊಂಡಿದ್ದನ್ನೆಲ್ಲ ಆ ಬಿಲ್ಲೆಯ ಮೂಲಕ ಒಪ್ಪಿಸುತ್ತಿತ್ತು.

ಈ ಹತ್ತು ತಿಂಗಳಲ್ಲಿ ಅವರು ಮೂರು ಸಲ ಎಚ್ಚರ ತಪ್ಪಿ ಬಿದ್ದಿದ್ದರು. ಹಾಸನದ ಆಸ್ಪತ್ರೆಯವರು ಪ್ರತಿ ಸಲವೂ ಪರೀಕ್ಷಿಸಿ, ಯಂತ್ರ ಸರಿಯಾಗಿದೆ ಎಂದು ಅವರ ಊರು ಮಗ್ಗೆಗೆ ವಾಪಸು ಕಳಿಸಿದ್ದರು. ಮೂರನೆಯ ಸಲ ಒಬ್ಬ ವೈದ್ಯರು ಬೇಸತ್ತು ಬೆಂಗಳೂರಿನ ಕಂಪನಿಗೆ ಪತ್ರ ಬರೆದರು. ಹೇಮಶ್ರೀ ವೈದ್ಯೆಯಲ್ಲ. ಪೇಸ್‌ಮೇಕರಿನೊಳಗಿನ ಚಿಪ್ ವಿನ್ಯಾಸ ಮಾಡಿದ ಐದು ಜನರಲ್ಲಿ ಒಬ್ಬಳು. ರೋಗಿಯ ಮನೆಗೆ ಬಂದದ್ದು ಇದೇ ಮೊದಲು.

ಬಿದ್ದ ಮೂರು ದಿನದ ದಾಖಲೆಯೂ ಒಂದೇ ಥರ ಇತ್ತು. ಹೃದಯ ತಾನಾಗಿಯೇ ಬಡಿಯುತ್ತಿದೆ, ನಾನು ಸುಮ್ಮನಿರಬಹುದು ಎಂದು ಯಂತ್ರ ಬರೆದುಕೊಂಡಿತ್ತು. ಆದರೆ ಎದೆಬಡಿತವೆಂದು ಅದು ಬಗೆದ, ಗೆರೆಯ ಮೇಲಿನ ಮೊನೆಗಳು ಒಂದೇ ಎತ್ತರ, ಒಂದೇ ಅಂತರ. ಒಂದು ಮುಗಿದು ಒಂದೂಕಾಲು ಸೆಕೆಂಡಿಗೆ ಇನ್ನೊಂದು. ಅಷ್ಟು ಅಚ್ಚುಕಟ್ಟಾಗಿ ಯಾವ ಮನುಷ್ಯನ ಹೃದಯವೂ ಬಡಿಯುವುದಿಲ್ಲ.

ಬಿದ್ದ ಜಾಗ ಯಾವುದು ಎಂದು ಅವಳು ಕೇಳಿದಳು. ಏಕಾಂತಯ್ಯನವರ ಹೆಂಡತಿ ದೇವೀರಮ್ಮ ಒಳಗಿನಿಂದ ಬಂದು, ಮೂರು ಸಲವೂ ಗದ್ದೆಯ ಪಂಪ್‌ಸೆಟ್ಟಿನ ಹತ್ತಿರವೇ ಎಂದರು. "ಅಲ್ಲೇನೋ ಐತೆ ಅಂತ ನಾನು ಹೇಳ್ತಾನೇ ಬಂದೆ. ಇವ್ರು ಕಿವೀಗೆ ಹಾಕ್ಕಳ್ಲಿಲ್ಲ."

ಏಕಾಂತಯ್ಯನವರ ಜೊತೆ ಗದ್ದೆಗೆ ಹೋಗಿ ನೋಡಿದರೆ ಅಲ್ಲಿ ಇದ್ದದ್ದು ಆನೆಬೇಲಿ. ಕಾಫಿ ಗಿಡಗಳು ಮುಗಿದು ಗದ್ದೆ ಶುರುವಾಗುವಲ್ಲಿ, ಕಬ್ಬಿಣದ ಗೂಟಗಳ ನಡುವೆ ನಾಲ್ಕು ಎಳೆ ತಂತಿ. ಹೋದ ವರ್ಷ ಒಂಟಿ ಸಲಗ ಪಕ್ಕದ ತೋಟದ ಕೆಲಸದವನನ್ನು ತುಳಿದ ಮೇಲೆ ಊರವರೆಲ್ಲ ಸೇರಿ ಹಾಕಿಸಿದ್ದು. ಹುಲ್ಲು ಬೆಳೆದು ಕೆಳಗಿನ ತಂತಿಯನ್ನು ಮುಟ್ಟಿತ್ತು. ಬೇಲಿಯ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಸರಳುಗಳನ್ನು ಪಂಪ್‌ಸೆಟ್ಟಿನ ಪಕ್ಕದ ಕೆಸರಿನಲ್ಲಿ ಹೂತಿದ್ದರು. ಏಕಾಂತಯ್ಯ ದಿನಾ ಬರಿಗಾಲಲ್ಲಿ ಸ್ವಿಚ್ ಹಾಕಲು ಬರುತ್ತಿದ್ದದ್ದು ಅಲ್ಲಿಗೇ; ಒಂದು ಹೆಜ್ಜೆ ಅತ್ತಿತ್ತ ಆದ ದಿನ ಮಾತ್ರ ಕಾಲು ಸರಳಿನ ಪಕ್ಕಕ್ಕೇ ಬೀಳುತ್ತಿತ್ತು. ಬೇಲಿಗೆ ಬಿಟ್ಟು ಬಿಟ್ಟು ವಿದ್ಯುತ್ ಹರಿಸುವ, ಸೌರಫಲಕದ ಕೆಳಗಿನ ಡಬ್ಬಿ ಟಿಕ್ ಎನ್ನುತ್ತಿತ್ತು. ಹೇಮಶ್ರೀ ಗಡಿಯಾರ ನೋಡಿಕೊಂಡು ಎಣಿಸಿದಳು. ಒಂದೂಕಾಲು ಸೆಕೆಂಡಿಗೊಮ್ಮೆ.

ಪೇಸ್‌ಮೇಕರಿನ ಚಿಪ್‌ನಲ್ಲಿ ಎರಡು ಜರಡಿಗಳಿದ್ದವು. ಹೃದಯದ ಮಿಡಿತವನ್ನು ಹೊರಗಿನ ವಿದ್ಯುತ್ ಗದ್ದಲದಿಂದ ಬೇರ್ಪಡಿಸುವುದು ಅವುಗಳ ಕೆಲಸ. ಎರಡನೆಯದು ಚುರುಕು, ಆದರೆ ವಿಪರೀತ ವಿದ್ಯುತ್ ತಿನ್ನುತ್ತಿತ್ತು. ಬ್ಯಾಟರಿ ಹನ್ನೆರಡು ವರ್ಷ ಬಾಳಬೇಕು ಎಂದು ಕಂಪನಿ ಹಟ ಹಿಡಿದಾಗ, ಅದನ್ನು ಮಲಗಿಸಿಟ್ಟು, ಗದ್ದಲದ ಅನುಮಾನ ಬಂದಾಗ ಮಾತ್ರ ಎಬ್ಬಿಸೋಣ ಎಂದವಳು ಅವಳೇ. ಗದ್ದಲ ಯಾವಾಗಲೂ ಅಡ್ಡಾದಿಡ್ಡಿ, ಹೃದಯದ ಹಾಗೆ ತಾಳ ಹಿಡಿದು ಬರುವ ಗದ್ದಲ ಎಲ್ಲೂ ಇಲ್ಲ ಎಂದು ಮೀಟಿಂಗಿನಲ್ಲಿ ಹೇಳಿದ್ದಳು. ಯಾರೂ ಎದುರಾಡಿರಲಿಲ್ಲ. ಆ ಕೋಣೆಯಲ್ಲಿದ್ದ ಯಾರೂ ಆನೆಬೇಲಿ ನೋಡಿದವರಲ್ಲ.

ಬೇಲಿಯ ಮಿಡಿತವನ್ನೇ ಎದೆಬಡಿತವೆಂದುಕೊಂಡು ಯಂತ್ರ ಸುಮ್ಮನಾಗುತ್ತಿರಬೇಕು ಎಂದು ಅವಳು ಏಕಾಂತಯ್ಯನವರಿಗೆ ಸರಳವಾಗಿ ಹೇಳಿದಳು. ಅವರು ತಲೆದೂಗಿ ಕೇಳಿ, ಹಾಗಾದರೆ ಈಗಲೇ ಆ ಕೆಸರಲ್ಲಿ ನಿಂತು ತೋರಿಸುತ್ತೇನೆ, ನೀವು ನೋಡಿ ಎಂದರು. ಅವಳು ಬೇಡ ಎಂದಳು. ಅವರು ಮತ್ತೆ ಹೇಳಿದಾಗ ಬೇಡ ಎನ್ನಲಿಲ್ಲ.

ಬಿಲ್ಲೆಯನ್ನು ಎದೆಗೆ ಒತ್ತಿಕೊಂಡು ಅವರು ಕೆಸರಿಗೆ ಇಳಿದರು. ಲ್ಯಾಪ್‌ಟಾಪನ್ನು ಪಂಪ್‌ಸೆಟ್ಟಿನ ಕಟ್ಟೆಯ ಮೇಲಿಟ್ಟು, ಹೇಮಶ್ರೀ ಒಂದು ಕೈಯಲ್ಲಿ ಅವರ ತೋಳು ಹಿಡಿದಿದ್ದಳು. ಪರದೆಯ ಮೇಲೆ ಯಂತ್ರ ಹೃದಯಕ್ಕೆ ಕೊಡುವ ಮಿಡಿತದ ಗುರುತುಗಳು ಒಂದರ ಹಿಂದೊಂದು ಬರುತ್ತಿದ್ದವು. ಅವರು ಇನ್ನೊಂದು ಹೆಜ್ಜೆ ಇಟ್ಟರು. ಗುರುತುಗಳು ನಿಂತವು. ಆ ಜಾಗದಲ್ಲಿ ಅಚ್ಚುಕಟ್ಟಾದ ಮೊನೆಗಳು ಮೂಡತೊಡಗಿದವು, ಅವುಗಳ ನಡುವೆ ಗೆರೆ ನೀರಿನ ಹಾಗೆ ಸಪಾಟಾಗಿತ್ತು. ಒಂದು ಸೆಕೆಂಡು, ಎರಡು, ಮೂರು. ಅವರ ತೋಳು ಭಾರವಾಗುತ್ತಿರುವುದು ಅವಳ ಕೈಗೆ ತಿಳಿಯಿತು. ಎರಡೂ ಕೈಯಲ್ಲಿ ಹಿಡಿದು ದಡಕ್ಕೆ ಎಳೆದುಕೊಂಡಳು.

ಅವರು ಬದುವಿನ ಮೇಲೆ ಕೂತು ಸುಧಾರಿಸಿಕೊಳ್ಳುವವರೆಗೆ ಅವಳು ತೋಳು ಬಿಡಲಿಲ್ಲ.

"ಇದನ್ನ ಹೀಗೆ ಮಾಡಿದ್ದು ನಾನೇ" ಎಂದಳು ಕೊನೆಗೆ.

ಏಕಾಂತಯ್ಯ ಕಾಲಿನ ಕೆಸರನ್ನು ಹುಲ್ಲಿಗೆ ಒರೆಸುತ್ತಿದ್ದರು. "ಹತ್ತು ತಿಂಗ್ಳು ಉಳಿಸ್ತಲ್ಲವ್ವಾ ಅದು" ಎಂದರು. ಇನ್ನೊಂದು ಕಾಲನ್ನೂ ಒರೆಸಿ ಕೇಳಿದರು: "ನಂಗೊಬ್ಬಂಗೇ ಹಾಕಿರೋದಾ ಇದ್ನ?"

ಅವಳು ಬೆಂಗಳೂರಿಗೆ ಫೋನ್ ಮಾಡಿದಳು. ಮೇಲಧಿಕಾರಿ ಪ್ರತಾಪ್ ಎಲ್ಲವನ್ನೂ ಸಮಾಧಾನದಿಂದ ಕೇಳಿದ. ಒಬ್ಬ ರೋಗಿ ಎಷ್ಟು ಸಲ ಬಿದ್ದರೂ ಅದು ಒಂದೇ ಪ್ರಕರಣ, ಬೇಲಿಯಿಂದ ದೂರವಿರಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸೋಣ ಎಂದ. ಎರಡನೆಯ ಜರಡಿಯನ್ನು ಸದಾ ಎಚ್ಚರವಾಗಿಟ್ಟರೆ ಸಾಕಲ್ಲವೇ ಎಂದು ಅವಳು ಕೇಳಿದ್ದಕ್ಕೆ, ಆಗ ಬ್ಯಾಟರಿ ಏಳೇ ವರ್ಷ ಬರುತ್ತದೆ, ಹನ್ನೆರಡು ವರ್ಷ ಬರುತ್ತದೆ ಎಂದು ಹೇಳಿ ಮಾರಿದ್ದೇವೆ ಎಂದ.

"ಸೆಟ್ಟಿಂಗ್ ಮುಟ್ಟಬೇಡ ಹೇಮಾ. ಮುಟ್ಟಿದರೆ ತಪ್ಪು ಗೊತ್ತಿತ್ತು ಅಂತ ನಾವೇ ಬರೆದುಕೊಟ್ಟ ಹಾಗೆ."

ಅವಳು ಫೋನ್ ಇಟ್ಟು ಜಗುಲಿಗೆ ಬಂದಳು. ಆಸ್ಪತ್ರೆಯ ವೈದ್ಯರಿಗೆ ಕರೆ ಮಾಡಿ ಒಪ್ಪಿಗೆ ಪಡೆದಳು. ಏಕಾಂತಯ್ಯನವರ ಎದೆಗೆ ಬಿಲ್ಲೆ ಇಟ್ಟು ಎರಡನೆಯ ಜರಡಿಯನ್ನು ಎಬ್ಬಿಸಿದಳು. ನಾಲ್ಕು ನಿಮಿಷದ ಕೆಲಸ.

ಅದೇ ಯಂತ್ರ ಹಾಕಿಸಿಕೊಂಡ ಸುತ್ತಿನ ಇಪ್ಪತ್ತಾರು ಜನರ ಹೆಸರನ್ನು ವೈದ್ಯರು ಕಳಿಸಿಕೊಟ್ಟರು. ಎಲ್ಲರಿಗೂ ಫೋನ್ ಮಾಡಿಸಿ ಕರೆಸುತ್ತೇವೆ, ಒಂದು ವಾರ ಬೇಕು ಎಂದರು. ಹೇಮಶ್ರೀಗೆ ಒಂದು ವಾರ ಕಾಯಲು ಧೈರ್ಯ ಬರಲಿಲ್ಲ. ಪಟ್ಟಿಯಲ್ಲಿ ಹತ್ತಿರದ ಹೆಸರು ಪಾಳ್ಯದ ರುದ್ರಯ್ಯ. ಫೋನ್ ಸ್ವಿಚ್ ಆಫ್ ಆಗಿತ್ತು. ಕಾರು ಹೊರಟಾಗ ದಾರಿಯುದ್ದಕ್ಕೂ ಆನೆಬೇಲಿಯ ಹೊಸ ಗೂಟಗಳನ್ನು ಇಳಿಸಿದ್ದರು. ಕೆಲವೆಡೆ ಗುಂಡಿ ತೋಡುತ್ತಿದ್ದರು.

ರುದ್ರಯ್ಯನ ಮನೆಯ ಮುಂದೆ ಶಾಮಿಯಾನ ಬಿಚ್ಚುತ್ತಿದ್ದರು. ಹಲಸಿನ ಮರಕ್ಕೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಮೀಸೆಯ ಮುದುಕರೊಬ್ಬರ ಚಿತ್ರ, ಅದರ ಮೇಲೆ ದಿವಂಗತ ರುದ್ರಯ್ಯನವರ ಶಿವಗಣಾರಾಧನೆ ಎಂದು ಬರೆದು ನಿನ್ನೆಯ ತಾರೀಕು. ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ ಹೆಂಗಸು ಇವಳನ್ನು ಕಂಡು, ದೂರದಿಂದ ಬಂದ ನೆಂಟರಿರಬೇಕೆಂದುಕೊಂಡಳು.

"ಜ್ವರ ಇಲ್ಲ, ಕಾಯ್ಲೆ ಇಲ್ಲ. ಬೇಲಿ ಹತ್ರ ನೀರು ಕಟ್ಟಕ್ಕೆ ಅಂತ ಹೋದೋರು ಅಲ್ಲೇ ಹೋಗ್ಬುಟ್ರು ನಮ್ಮಪ್ಪ" ಎಂದಳು.

ಮಗಳು ಅಟ್ಟಿಯಿಂದ ಒಂದು ಕುರ್ಚಿಯನ್ನು ಬಿಡಿಸಿ, ಸೆರಗಿನಿಂದ ಒರೆಸಿ, ಚಿತ್ರದ ಎದುರಿಗೆ ಹಾಕಿದಳು. ಹೇಮಶ್ರೀ ಕೂತಳು.