ಪೆರುವಿಗೆ ಆಷಾಢದ ಮುಹೂರ್ತ

“ಕುಸ್ಕೊದಲ್ಲಿ ಇಳಿದ ಮೇಲೆ ಮೊದಲೆರಡು ದಿನ ಏನೂ ನೋಡೋಕ್ ಹೋಗ್ಬೇಡಿ. ಸುಮ್ನೆ ಬಿದ್ಕೊಳ್ಳಿ,” ಎಂದಳು ರುಕ್ಮಿಣಿ, ತಲತ್‌ಳ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸುತ್ತ. “ಹನ್ನೊಂದು ಸಾವಿರ ಅಡಿ ಎತ್ತರ. ತಲೆ ಸಿಡಿಯುತ್ತೆ. ಕೋಕಾ ಎಲೆ ಟೀ ಕೊಡ್ತಾರೆ, ಬೇಡ ಅನ್ಬೇಡಿ.”

ತಲತ್ ಎಡಗೈಯಲ್ಲಿ ನೋಟ್‌ಪುಸ್ತಕ ಒತ್ತಿ ಹಿಡಿದು ಬರೆದುಕೊಳ್ಳುತ್ತಿದ್ದಳು. ಅವಳೂ ಗಂಡ ಅಕ್ಬರನೂ ನೈಮೆಗನ್‌ನಿಂದ ಬೆಳಗಿನ ರೈಲಿಗೆ ಬಂದದ್ದೇ ಇದಕ್ಕೆ. ಯಾವ ಟೂರ್ ಕಂಪನಿಯ ಹಂಗೂ ಇಲ್ಲದೆ ಪೆರು ಸುತ್ತಿ ಬರುವ ಆಸೆ ಅವರದು. ಹೇಗ್ ನಗರದ ಪಕ್ಕದ ಜೂಟರ್‌ಮೀರಿನ ಈ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಪೆರುವಿನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ ಎಂಬ ಸುದ್ದಿ ಕನ್ನಡದವರ ನಡುವೆ ಹಬ್ಬಿತ್ತು.

“ಇಲಿ ತಿಂತಾರಂತಲ್ಲ ಅಕ್ಕಾ?” ಎಂದ ಅಕ್ಬರ್.

“ಇಲಿ ಅಲ್ಲ, ಗಿನಿಪಿಗ್ಗು. ನಮ್ ಕಷ್ಟ ಬೇರೆ. ಮಾಂಸ ಬೇಡ ಅಂದ್ರೆ ಕೋಳಿ ತಂದಿಡ್ತಾರಂತೆ. ಒಂದೊಂದೇ ಹೆಸರು ಹೇಳಿ ಬೇಡ ಅನ್ಬೇಕು. ಟ್ಯಾಕ್ಸಿ ಹತ್ತೋಕ್ ಮುಂಚೆನೇ ರೇಟ್ ಮಾತಾಡಿ. ಬೆಟ್ಟದ ಕಡೆ ಬಸ್ಸು ಹಗಲಲ್ಲೇ ಹಿಡೀರಿ. ಪಾಸ್‌ಪೋರ್ಟ್ ಬಟ್ಟೆ ಒಳಗೆ, ಜೆರಾಕ್ಸ್ ಕೈಲಿ.”

“ನೀವು ಎಷ್ಟು ಸಲ ಹೋಗಿದೀರಾ ಅಕ್ಕಾ?” ತಲತ್ ಕೇಳಿದಳು.

“ಒಂದ್ಸಲಾನೂ ಇಲ್ಲ!” ರುಕ್ಮಿಣಿ ನಕ್ಕಳು. “ಇದೇ ಮೊದಲು.”

ಎದುರಿಗೆ ಕೂತಿದ್ದ ಅವಳ ಗಂಡ ಗೋವಿಂದರಾಜು ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡು ಸಾವಿರದ ಇಸವಿಯಲ್ಲಿ ಕಂಪ್ಯೂಟರುಗಳಿಗೆ ಬರಲಿರುವ ತೊಂದರೆಯನ್ನು ತೊಂಬತ್ತೆಂಟರಲ್ಲೇ ಹುಡುಕಿ ತಿದ್ದುವುದು ಆಫೀಸಿನಲ್ಲಿ ಅವನ ಕೆಲಸ. ಮನೆಯ ತೊಂದರೆಯನ್ನು ಮಾತ್ರ ಬಂದ ಮೇಲೂ ಮುಟ್ಟುವವನಲ್ಲ.

ನಾಲ್ಕು ವರ್ಷದಿಂದ ಅವರ ರಜೆಯೆಲ್ಲ ಊರಿನ ಪಾಲಾಗಿತ್ತು. ತಂಗಿಯ ಮದುವೆ, ಅವಳ ಮಗುವಿನ ನಾಮಕರಣ, ಸೋದರಮಾವನ ಷಷ್ಟ್ಯಬ್ದಿ. ಅದಕ್ಕೇ ಈ ಸಲ ರುಕ್ಮಿಣಿ ಪಂಚಾಂಗ ಹರವಿಕೊಂಡು ದಿನ ಆರಿಸಿದ್ದಳು. “ಆಷಾಢದಲ್ಲಿ ಹೋಗೋಣ ರೀ. ಆಗ ಯಾರೂ ಶುಭಕಾರ್ಯ ಮಾಡಲ್ಲ, ಯಾರೂ ಕರೆಯಲ್ಲ. ಅಲ್ಲೂ ಮಳೆ ಇರಲ್ಲ.” ಲೈಬ್ರರಿಯಿಂದ ಕ್ಯಾಸೆಟ್ ತಂದು ಸ್ಪ್ಯಾನಿಷ್ ಕಲಿತಳು. ಒಬ್ಬಳೇ ಹೇಗ್ ನಗರಕ್ಕೆ ಅಲೆದು ಇಬ್ಬರ ವೀಸಾ ಒತ್ತಿಸಿಕೊಂಡು ಬಂದಳು. ಅಷ್ಟರಲ್ಲಿ ಆಫೀಸಿನವರು ರಜೆಯನ್ನು ಮೂರು ವಾರ ಮುಂದಕ್ಕೆ ಹಾಕಿದರು. ಮೂರೇ ವಾರ ತಾನೇ ಎಂದು ಗೋವಿಂದರಾಜು ತಲೆಯಾಡಿಸಿ ಬಂದ. ರಜೆ ಹೋಗಿ ಶ್ರಾವಣಕ್ಕೆ ಬಿತ್ತು.

ಮಂಗಳವಾರ ಅವನ ಅಣ್ಣ ನಾರಾಯಣಸ್ವಾಮಿ ಬೆಂಗಳೂರಿನ ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನ್ ಮಾಡಿದ. ಶ್ರಾವಣ ಶುಕ್ರವಾರ ಹೊಸ ಮನೆಯ ಗೃಹಪ್ರವೇಶ. ಅಣ್ಣನ ಎದುರು ಗೋವಿಂದರಾಜುವಿನ ಬಾಯಿಗೆ ಬರುವ ಮಾತು ಒಂದೇ. “ಆಯ್ತು ಅಣ್ಣ, ಇಬ್ರೂ ಬರ್ತೀವಿ,” ಎಂದುಬಿಟ್ಟ. ಶನಿವಾರ ಬಂದರೂ ಹೆಂಡತಿಗೆ ಹೇಳಿರಲಿಲ್ಲ.

“ನಾವೂ ಆಗಸ್ಟಲ್ಲೇ ಸಾರ್,” ಅಕ್ಬರ್ ಉತ್ಸಾಹದಿಂದ ಹೇಳಿದ. “ಒಟ್ಗೇ ಹೋಗೋಣ. ಸೋಮವಾರ ಎಲ್ರ ಟಿಕೆಟ್ಟೂ ನಾನೇ ತಗೊಂಡ್ಬಿಡ್ತೀನಿ.”

ರುಕ್ಮಿಣಿಯ ಮುಖ ಅರಳಿತು. ಗೋವಿಂದರಾಜುವಿಗೆ ಇದೇ ಸಮಯ ಎನಿಸಿತು. ಮನೆಗೆ ಬಂದವರೆದುರು ಅವಳು ಜಗಳ ಆಡುವವಳಲ್ಲ. ಅದು ಗೊತ್ತಿದ್ದೇ ಬಾಯಿಬಿಟ್ಟ. ಆಮೇಲೆ ಎಷ್ಟೇ ನೊಂದುಕೊಂಡರೂ ಹೇಡಿತನಕ್ಕೆ ಇನ್ನೊಂದು ಹೆಸರಿಲ್ಲ.

“ನಮ್ಗೆ ಈ ಸಲ ಆಗಲ್ಲ ಅಕ್ಬರ್. ಅಣ್ಣನ ಗೃಹಪ್ರವೇಶಕ್ಕೆ ಬರ್ತೀವಿ ಅಂತ ಹೇಳ್ಬಿಟ್ಟಿದೀನಿ.”

ರುಕ್ಮಿಣಿ ಸೌಟನ್ನು ಪಾತ್ರೆಯೊಳಗಿಟ್ಟಳು. “ಭಾವ ಯಾವಾಗ ಫೋನ್ ಮಾಡಿದ್ರು?”

“ಮಂಗಳವಾರ.”

“ಓ,” ಎಂದು ತಲತ್‌ಳ ಕಡೆ ತಿರುಗಿದಳು. “ಸ್ವೆಟರ್ ಮರೀಬೇಡಿ. ಬಿಸಿಲಿದ್ರೂ ಸಂಜೆ ಆದ್ರೆ ಚಳಿ ಕೊರೆಯುತ್ತಂತೆ. ನಲ್ಲಿ ನೀರು ಹಲ್ಲುಜ್ಜೋಕೂ ಬೇಡ.” ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ತಲತ್ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದಳು. ಊಟ ಮುಗಿದದ್ದೇ ಅಕ್ಬರ್ ರೈಲಿನ ನೆಪ ಹೇಳಿ ಎದ್ದ.

ಅವರು ಹೊರಟ ಮೇಲೆ ಗೋವಿಂದರಾಜು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಬಂದ. ಅವನು ತಟ್ಟೆ ಎತ್ತಿದ್ದು ಆ ವರ್ಷದಲ್ಲಿ ಅದೇ ಮೊದಲಿರಬೇಕು.

“ಮುಂದಿನ ವರ್ಷ ಖಂಡಿತ ರುಕ್ಮಿಣಿ.”

ಅವಳು ನಲ್ಲಿ ನಿಲ್ಲಿಸಿದಳು. “ಬರೋಕಾಗಲ್ಲ ಅಂದಿದ್ರೆ ಭಾವ ಏನಂತಿದ್ರು?”

ಬೇಜಾರು ಮಾಡ್ಕೋತಿದ್ದ ಎಂದು ಹೇಳಿಬಿಡಬಹುದಿತ್ತು. ಊಟದ ಹೊತ್ತಿನಿಂದ ಅವನಿಗೆ ತನ್ನ ಮೇಲೇ ಹೇಸಿಗೆ ಬಂದಿತ್ತು. “ಏನೂ ಅಂತಿರ್ಲಿಲ್ಲ. ಅವನೇ ಹೇಳ್ದ. ಆಗ್ದಿದ್ರೆ ಬಿಡಪ್ಪ, ವಿಡಿಯೋ ಕ್ಯಾಸೆಟ್ ಕಳಿಸ್ತೀನಿ ಅಂತ.”

ರುಕ್ಮಿಣಿ ಅವನ ಮುಖವನ್ನೇ ನೋಡಿದಳು. ಅಳಬಹುದು, ಇಲ್ಲವೇ ಬೈಯಬಹುದು ಎಂದುಕೊಂಡು ಅವನು ಎರಡಕ್ಕೂ ಸಿದ್ಧನಾಗಿ ನಿಂತಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಗೆ ಓಡಿದಳು.

ಅವನು ಕಿಟಕಿಗೆ ಬಂದ. ಕೆಳಗೆ ಬಸ್ ಸ್ಟಾಪಿನಲ್ಲಿ ಅಕ್ಬರನೂ ತಲತ್ತೂ ಇನ್ನೂ ನಿಂತಿದ್ದರು. ರುಕ್ಮಿಣಿ ಏದುಸಿರು ಬಿಡುತ್ತ ಅವರನ್ನು ಮುಟ್ಟಿದಳು. ಎರಡು ಪದರದ ಗಾಜಿನಾಚೆ ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ತಲತ್ ಅವಳ ಎರಡೂ ಕೈ ಹಿಡಿದುಕೊಂಡಳು. ಅಕ್ಬರ್ ತಲೆ ಬಗ್ಗಿಸಿ ಏನೋ ಕೇಳಿದ. ರುಕ್ಮಿಣಿ ಕೈ ಬಿಡಿಸಿಕೊಂಡು ಬೆರಳೆತ್ತಿ ಎಣಿಸಿದಳು. ತಲತ್‌ಳನ್ನು ತೋರಿಸಿ ಒಂದು. ಅಕ್ಬರನನ್ನು ತೋರಿಸಿ ಎರಡು. ತನ್ನ ಎದೆ ಮುಟ್ಟಿಕೊಂಡು ಮೂರು.

ಗೋವಿಂದರಾಜು ನಾಲ್ಕನೆಯ ಬೆರಳಿಗಾಗಿ ಕಾದ. ಬಸ್ಸು ಬಂದು ನಿಂತು ಮೂವರನ್ನೂ ಮರೆಮಾಡಿತು.