ನೀರುನಾಯಿಯ ಕೊನೆಯ ಅಚ್ಚು

ನೀರುನಾಯಿಯ ಒದ್ದೆ ಮೈ ತೋರಿಸಲು ನನ್ನ ಅಕ್ಕ ಒಂದೊಂದು ಕೂದಲನ್ನೂ ಮರದ ಹಲಗೆಯಲ್ಲಿ ಬೇರೆ ಬೇರೆ ಕೆತ್ತಿದಳು. ಎಂಟು ತಿಂಗಳು ಹಿಡಿಯಿತು. ಹಕ್ಕಿ, ಆಮೆ, ಮುಂಗುಸಿ ಎಂದು ಇಪ್ಪತ್ತಾರು ವರ್ಷ ಹೀಗೇ ಬಗ್ಗಿ ಕೂತು ಅವಳ ಬಲಗಣ್ಣು ಹೋಗಿತ್ತು, ಎಡಗಣ್ಣು ಹೊರಟು ನಿಂತಿತ್ತು. ಹಲಗೆಗೆ ಮಸಿ ಸವರಿ, ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆಯುವುದು ನನ್ನ ಕೆಲಸ. ಅಚ್ಚಿನ ಕೆಳಗೆ ಪೆನ್ಸಿಲಿನಲ್ಲಿ ಸಹಿ ಹಾಕುವುದು ನಮ್ಮ ಅಚ್ಚುಮನೆಯ ಯಜಮಾನರ ಕೆಲಸ.

"ಇದು ನನ್ನ ಕೊನೇದು ಸಾರ್. ಇದೊಂದಕ್ಕೆ ನನ್ನ ಹೆಸರಿರಲಿ," ಎಂದು ಅಕ್ಕ ಮೊದಲೇ ಕೇಳಿಕೊಂಡಿದ್ದಳು.

"ಆಯ್ತಮ್ಮ, ಅದಕ್ಕೇನಂತೆ," ಎಂದಿದ್ದರು.

ಮೂವತ್ತು ಅಚ್ಚು ಒಣಗಿದ ದಿನ ಯಜಮಾನರು ಬಂದು ಕೂತು, ಮೂವತ್ತಕ್ಕೂ ತಮ್ಮ ಸಹಿಯನ್ನೇ ಹಾಕಿದರು.

"ಸಾರ್, ನನ್ನ ಹೆಸರು..."

"ನಿನ್ನ ಹೆಸರು ಯಾರಿಗಮ್ಮ ಗೊತ್ತು?"

"ಹಾಕಿದ್ರೆ ತಾನೇ ಗೊತ್ತಾಗೋದು."

ಅವರು ನಕ್ಕರು. "ನಾಲಿಗೆನೂ ಉಳಿ ಥರಾನೇ ಇದೆ. ಸರಿ, ಹಲಗೆ ಗೀಚಿಬಿಡು. ನಾಳೆ ಬಂದು ನೋಡ್ತೀನಿ."

ಅದು ನಮ್ಮ ಕಸುಬಿನ ಕಟ್ಟಳೆ. ಹೇಳಿದಷ್ಟು ಅಚ್ಚು ತೆಗೆದ ಮೇಲೆ, ಇನ್ನೊಂದನ್ನು ಯಾರೂ ತೆಗೆಯದಂತೆ ಹಲಗೆಯನ್ನು ಕೆಡಿಸಬೇಕು. ಕೆತ್ತಿದ ಕೈಯೇ ಕೆಡಿಸಬೇಕು.

ನಾನು ಅಲ್ಲೇ ಇದ್ದೆ. ಒಂದು ಮಾತು ಆಡಬಹುದಿತ್ತು. ಕೈಗೆ ಅಂಟಿದ ಮಸಿ ಒರೆಸುತ್ತಾ ನಿಂತೆ.

ಅವರು ಹೋದ ಮೇಲೆ ಅಕ್ಕ ಅಳುತ್ತಲೇ ನೀರುನಾಯಿಯ ಮೈಮೇಲೆ ಅಡ್ಡಡ್ಡ ಎರಡು ಗೀಟು ಎಳೆದಳು. ಕಣ್ಣಿಗೆ ಮಾತ್ರ ಉಳಿ ತಾಗಿಸಲಿಲ್ಲ. ಆಮೇಲೆ ಬಾಲದ ಕೆಳಗೆ ತನ್ನ ಹೆಸರು ಕೆತ್ತಿದಳು.

"ಮಸಿ ಹಚ್ಚೋ."

"ಗೀಚಿದ ಹಲಗೆಗಾ? ಅವರಿಗೆ ಗೊತ್ತಾದ್ರೆ?"

"ಹೆದರಿ ಹೆದರಿ ನಿನ್ನ ಬೆನ್ನೂ ನನ್ನ ಥರ ಬಗ್ಗಿಹೋಗಿದೆ. ಹಚ್ಚೋ."

ಕಾಗದ ಎತ್ತಿದೆ. ಹೆಸರು ತಿರುಗುಮುರುಗಾಗಿ ಬಂದಿತ್ತು. ಹಲಗೆಯಲ್ಲಿ ಅಕ್ಷರವನ್ನು ತಿರುಗಿಸಿ ಕೆತ್ತಿದರೆ ತಾನೇ ಕಾಗದದಲ್ಲಿ ನೆಟ್ಟಗೆ ಬರುವುದು? ಎಷ್ಟೋ ಪ್ರಾಣಿಗಳ ಹೆಸರನ್ನು ಅವಳು ಹಾಗೇ ಕೆತ್ತಿದ್ದಳು, ಒಂದು ಸಲವೂ ತಪ್ಪಿರಲಿಲ್ಲ. ತನ್ನ ಹೆಸರನ್ನು ಕೆತ್ತಿದ್ದು ಇದೇ ಮೊದಲು.

"ಚೆನ್ನಾಗಿ ಬಂದಿದ್ಯೇನೋ? ನಂಗೆಲ್ಲ ಮಂಜುಮಂಜು."

"ಚೆನ್ನಾಗಿದೆ ಅಕ್ಕ," ಎಂದುಬಿಟ್ಟೆ.

ಮರುದಿನ ಯಜಮಾನರು ದಾರಕ್ಕೆ ನೇತುಹಾಕಿದ ಆ ಅಚ್ಚನ್ನು ನೋಡಿದರು. "ಇದ್ಯಾರ ಹೆಸರು? ಯಾವ ಭಾಷೆ? ಓದೋಕೇ ಬರಲ್ವಲ್ಲ."

ಅಕ್ಕ ನನ್ನ ಕಡೆ ತಿರುಗಿದಳು. ಅವಳಿಗೆ ಅರ್ಥವಾಗಿತ್ತು. ಅವಳ ಬೆರಳು ಹಲಗೆಯ ಮೇಲೆ ತನ್ನ ಹೆಸರನ್ನು ತಡವಿ ನಿಂತುಹೋಯಿತು.

ಕೈ ತೊಳೆಯುವ ಕಡೆ ಮೊಳೆಗೆ ಸಿಕ್ಕಿಸಿದ್ದ ಕನ್ನಡಿಯನ್ನು ತಂದು ಅಚ್ಚಿನ ಎದುರು ಹಿಡಿದೆ. ಕನ್ನಡಿಯೊಳಗೆ ಹೆಸರು ನೆಟ್ಟಗಾಗಿತ್ತು.

"ಈಗ ಓದಿ ಸಾರ್," ಎಂದೆ. "ಗಟ್ಟಿಯಾಗಿ ಓದಿ. ಅಕ್ಕನಿಗೆ ಕಣ್ಣು ಕಾಣಲ್ಲ."